ಹೋಲಿಕೆಯ ಕೋಣೆ

ಒಬ್ಬರ ಮೇಲೆ ಅನುಮಾನ ಬಂತೆಂದರೆ ಮುಗಿಯಿತು. ಅವರು ನಕ್ಕರೂ ತಪ್ಪು, ಸುಮ್ಮನಿದ್ದರೂ ತಪ್ಪು. ಅಳತೆ ಮೇಡಂ ತನ್ನ ಅತ್ತಿಗೆಯನ್ನು ಆ ವರ್ಷ ನೋಡಿದ್ದು ಅಂಥ ಕಣ್ಣಿನಿಂದಲೇ.

ಅಳತೆ ಮೇಡಂ ಎಂಬುದು ಶಾಲೆಯ ಸ್ಟಾಫ್ ರೂಮಿನವರು ಇಟ್ಟ ಹೆಸರು. ಅವಳು ಅಲ್ಲಿನ ಟೀಚರೂ ಅಲ್ಲ, ಇನ್‌ಸ್ಪೆಕ್ಟರೂ ಅಲ್ಲ. ಮಕ್ಕಳು ಓದಿದ್ದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಲು ಹೊಸ ವಿಧಾನವೊಂದು ನಿಜಕ್ಕೂ ಸಹಾಯ ಮಾಡುತ್ತದೆಯೇ ಎಂದು ಪರೀಕ್ಷಿಸುವ ಸಂಶೋಧನೆಯಲ್ಲಿ ಅವಳ ಕೆಲಸ. ಹಣ ಒಂದು ಪ್ರತಿಷ್ಠಾನದ್ದು, ಯೋಚನೆ ಒಬ್ಬ ಪ್ರೊಫೆಸರರದ್ದು, ಓಡಾಟವೆಲ್ಲ ಇವಳದ್ದು. ಪ್ರಯೋಗ ನಡೆದದ್ದು ಈ ಶಾಲೆಯಲ್ಲಿ ಮತ್ತು ದೂರದ ಇನ್ನೊಂದು ಶಾಲೆಯಲ್ಲಿ. ನಾಲ್ಕನೇ ತರಗತಿಯ ಎರಡು ವಿಭಾಗಗಳಲ್ಲಿ ಒಂದಕ್ಕೆ ಹೊಸ ವಿಧಾನ, ಇನ್ನೊಂದಕ್ಕೆ ಎಂದಿನ ಪಾಠ. ಯಾರಿಗೆ ಯಾವುದು ಎಂದು ಚೀಟಿ ಎತ್ತಿ ನಿರ್ಧರಿಸಿದ್ದರು. ಎ ವಿಭಾಗದ ಮೇಷ್ಟರಿಗೆ ಬಣ್ಣದ ಕಾರ್ಡುಗಳ ಪೆಟ್ಟಿಗೆ ಬಂತು, ತರಬೇತಿ ಬಂತು, ತರಬೇತಿಯಲ್ಲಿ ಬಿಸ್ಕತ್ತೂ ಬಂತು. ಬಿ ವಿಭಾಗಕ್ಕೆ ಏನೂ ಇಲ್ಲ. ಎ ಎಷ್ಟು ಮೇಲೆ ಹೋಯಿತೆಂದು ತಿಳಿಯಲು ಪಕ್ಕದಲ್ಲಿ ಒಂದು ಹೋಲಿಕೆಯ ಕೋಣೆ ಬೇಕಲ್ಲ, ಅದು ಬಿ. ಆ ಕೋಣೆಯ ಟೀಚರ್ ಅವಳ ಸ್ವಂತ ಅಣ್ಣನ ಹೆಂಡತಿ.

ಇದನ್ನು ಅವಳು ಮುಚ್ಚಿಟ್ಟಿರಲಿಲ್ಲ. ಚೀಟಿ ಎತ್ತಿಯಾಗಿದೆ, ಮನೆಯಲ್ಲಿ ಈ ವಿಷಯಕ್ಕೆ ಬಾಯಿ ಬಿಡಬೇಡಿ, ಅಷ್ಟು ಸಾಕು ಎಂದು ಪ್ರೊಫೆಸರ್ ಹೇಳಿದ್ದರು. ಅವಳಿದ್ದದ್ದು ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ. ಹಾಗಾಗಿ ಆ ಮನೆಯಲ್ಲಿ ಶಾಲೆಯ ಮಾತೇ ಬಂದ್ ಆಯಿತು. ಒಂದೇ ಶಾಲೆಗೆ ಹೋಗಿ ಬರುವ ಇಬ್ಬರು ಹೆಂಗಸರು ಊಟಕ್ಕೆ ಕೂತರೆ ಸೋರುವ ನಲ್ಲಿ, ಪಕ್ಕದ ಮನೆಯ ನಾಯಿ, ಮತ್ತೆ ಸೋರುವ ನಲ್ಲಿ. ನೀವಿಬ್ಬರೂ ಗೂಢಚಾರರ ಹಾಗೆ ಆಡ್ತೀರಲ್ಲ ಎಂದು ಅಣ್ಣ ರೇಗಿಸುತ್ತಿದ್ದ.

ಅಳೆಯುವ ಕ್ರಮದಲ್ಲಿ ಅವಳು ಬಲು ಕಟ್ಟುನಿಟ್ಟು. ಪ್ರತಿ ವಾರ ಎರಡೂ ಕೋಣೆಗಳ ಹಿಂದಿನ ಬೆಂಚಿನಲ್ಲಿ ಕೂತು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆಯುವಳು. ಪುಟ್ಟ ಕತೆಯೊಂದನ್ನು ಓದಿಸುವಳು, ಪ್ರಶ್ನೆ ಕೇಳುವಳು. ಉತ್ತರ ಸರಿಯೋ ತಪ್ಪೋ ಹೇಳದೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, ಅದು ಯಾವ ಸಾಲಿನಿಂದ ಗೊತ್ತಾಯ್ತು, ಬೆರಳಿಟ್ಟು ತೋರಿಸು ಎನ್ನುವಳು. ಎ ಮಕ್ಕಳಿಗೆ ಎಷ್ಟೋ ಬಿ ಮಕ್ಕಳಿಗೂ ಅಷ್ಟೇ. ಈ ಸಮತೋಲದ ಬಗ್ಗೆ ಅವಳಿಗೆ ಹೆಮ್ಮೆಯಿತ್ತು.

ಅರ್ಧ ವರ್ಷ ಕಳೆಯಿತು. ಎ ಮಕ್ಕಳು ಪ್ರೊಫೆಸರ್ ಕನಸು ಕಂಡಂತೆಯೇ ಮೇಲೇರಿದ್ದರು. ತೊಂದರೆಯೆಂದರೆ ಬಿ ಮಕ್ಕಳೂ ಅಷ್ಟೇ ಮೇಲೇರಿದ್ದರು. ಎರಡೂ ಸಮ ಬಂದರೆ ಹೊಸ ವಿಧಾನಕ್ಕೆ ಕವಡೆ ಕಿಮ್ಮತ್ತಿಲ್ಲ ಎಂದಾಗುತ್ತದೆ. ಪ್ರತಿಷ್ಠಾನ ಕೈಬಿಡುತ್ತದೆ, ಇವಳ ಕೆಲಸವೂ ಹೋಗುತ್ತದೆ. ಪ್ರೊಫೆಸರ್ ಫೋನಿನಲ್ಲಿ ತಣ್ಣಗೆ ಹೇಳಿದರು, "ವಿಧಾನ ಎಲ್ಲೋ ಸೋರಿದೆ. ಎಲ್ಲಿಂದ ಅಂತ ಹುಡುಕಿ."

ಹುಡುಕು ಎಂದರೆ ಸಾಕಲ್ಲ, ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಅತ್ತಿಗೆ ಸ್ಟಾಫ್ ರೂಮಿನ ಕಿಟಕಿಯ ಬಳಿ ಎ ವಿಭಾಗದ ಮೇಷ್ಟರ ಜೊತೆ ಮಾತಾಡುತ್ತಿದ್ದಳು, ಇವಳು ಒಳಗೆ ಬಂದಕೂಡಲೇ ನಿಲ್ಲಿಸಿದಳು. ಯಾಕೆ ನಿಲ್ಲಿಸಬೇಕು? ಇನ್ನೊಂದು ದಿನ ಇವಳ ಚೀಲದ ಜಿಪ್ಪು ತೆರೆದಿತ್ತು. ಡಬ್ಬಿ ತೊಳೆಯೋಣ ಅಂತ ತೆಗೆದೆ ಎಂದಳು ಅತ್ತಿಗೆ. ಡಬ್ಬಿ ತೊಳೆದು ಬೋರಲು ಹಾಕಿದ್ದೂ ನಿಜ. ಆದರೆ ಅದೇ ಚೀಲದಲ್ಲಿ ಕಾರ್ಡುಗಳ ಮಾದರಿಯೂ ಇತ್ತಲ್ಲ. ಮರುದಿನವೇ ಅಳತೆ ಮೇಡಂ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಕೊರಳ ಸರಕ್ಕೆ ಸಿಕ್ಕಿಸಿಕೊಂಡಳು. ಅತ್ತಿಗೆ ಆ ಕೀಲಿಯನ್ನು ನೋಡಿದಳು, ಏನೂ ಕೇಳಲಿಲ್ಲ. ಕೇಳದೇ ಇದ್ದದ್ದೂ ಲೆಕ್ಕಕ್ಕೆ ಸೇರಿತು.

ಒಂದು ಸಂಜೆಯಂತೂ ಬಟ್ಟೆ ಮಡಿಸುತ್ತಿದ್ದ ಅತ್ತಿಗೆ ಮುಖವರಳಿಸಿ, ನಮ್ಮ ಮಕ್ಕಳು ಈ ಸಲ ಎಂದು ಶುರುಮಾಡಿ, ನಾಲಿಗೆ ಕಚ್ಚಿಕೊಂಡು ಒಳಗೆ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡಳು ಇವಳು. ಇಲ್ಲಿ ಕಳ್ಳ ಎಂದು ಯಾರೂ ಬಾಯಿಬಿಟ್ಟು ಅಂದೇ ಇರಲಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಅತ್ತಿಗೆಯನ್ನೇ ಕೂರಿಸಿಕೊಂಡು ಕೇಳಬಹುದಿತ್ತು. ಕೇಳಿದರೆ ಪ್ರೊಫೆಸರರ ಕಟ್ಟಳೆ ಮುರಿದಂತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಅತ್ತಿಗೆಯ ಮುಖ ನೋಡಿ ಕೇಳುವ ಧೈರ್ಯ ಇರಲಿಲ್ಲ. ಬದಲಿಗೆ ಪ್ರೊಫೆಸರ್‌ಗೆ ಫೋನ್ ಮಾಡಿ, ಸೋರಿದ್ದು ನಮ್ಮ ಮನೆಯಿಂದಲೇ ಇರಬಹುದು ಎಂದಳು.

ಇರಬಹುದು ಎಂಬ ಮಾತು ಪ್ರೊಫೆಸರ್‌ನಿಂದ ಹೆಡ್‌ಮಾಸ್ಟರ್‌ಗೆ ತಲುಪುವಷ್ಟರಲ್ಲಿ ಹೌದು ಎಂದಾಗಿತ್ತು. ಬಿ ವಿಭಾಗವನ್ನು ಸಂಶೋಧನೆಯಿಂದ ತೆಗೆದರು. ಅತ್ತಿಗೆಯನ್ನು ತರಗತಿಯಿಂದ ಎಬ್ಬಿಸಿ, ವಿಚಾರಣೆ ಮುಗಿಯುವ ತನಕ ಲೈಬ್ರರಿಯ ಹರಿದ ಪುಸ್ತಕಗಳಿಗೆ ಅಂಟು ಹಚ್ಚಲು ಕೂರಿಸಿದರು. ಅವಳು ಜಗಳ ಮಾಡಲಿಲ್ಲ, ಅಳಲಿಲ್ಲ. ಊಟಕ್ಕೆ ಬಡಿಸುವಾಗ ನಲ್ಲಿಯ ಮಾತನ್ನೂ ನಿಲ್ಲಿಸಿದಳು. ಅಣ್ಣ ಇಬ್ಬರ ಮುಖವನ್ನೂ ನೋಡಿ ನೋಡಿ ಎದ್ದು ಕೈತೊಳೆಯುತ್ತಿದ್ದ.

ಮುಂದಿನ ವಾರ ಅಳತೆ ಮೇಡಂ ಬಿ ವಿಭಾಗದಲ್ಲಿ ಉಳಿದಿದ್ದ ತನ್ನ ಸಾಮಾನು ತರಲು ಹೋದಳು. ಬಿಡುವಿನ ಹೊತ್ತು. ಬಾಗಿಲ ಬಳಿ ಬಂದವಳು ಅಲ್ಲೇ ನಿಂತಳು. ಹಿಂದಿನ ಬೆಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ಮುಖ ಗಂಟಿಕ್ಕಿ ಕೂತಿದ್ದಳು. ಎದುರಿಗೆ ಮಕ್ಕಳ ಸಾಲು. ಒಬ್ಬ ಹುಡುಗ ಓದಿದ, ಉತ್ತರ ಹೇಳಿದ. ಹುಡುಗಿ ಕಲ್ಲಿನಂಥ ಮುಖದಲ್ಲಿ ಕೇಳಿದಳು, "ಯಾವ ಸಾಲಿಂದ ಗೊತ್ತಾಯ್ತು? ಬೆರಳಿಟ್ಟು ತೋರಿಸು." ಹುಡುಗ ಬೆರಳನ್ನು ಸಾಲಿನಿಂದ ಸಾಲಿಗೆ ಎಳೆದು, ಇದಲ್ಲ, ಇದಲ್ಲ, ಎಂದು ತಾನೇ ತಿದ್ದಿಕೊಂಡು ಸರಿಯಾದಲ್ಲಿ ನಿಲ್ಲಿಸಿದ.

ಈ ಆಟ ನಿಮಗೆ ಟೀಚರ್ ಹೇಳಿಕೊಟ್ಟರಾ ಎಂದು ಅವಳು ಕೇಳಿದಳು.

"ಇಲ್ಲ ಮಿಸ್, ಇದು ನಿಮ್ಮ ಆಟ ಅಲ್ವಾ?" ಎಂದಳು ಹುಡುಗಿ. "ತೋರಿಸಕ್ಕೆ ಬರ್ಲಿಲ್ಲ ಅಂದ್ರೆ ನೀವು ಹೀಗೇ ನೋಡ್ತಾ ಕೂತ್ಕೋತೀರಲ್ಲ, ಭಯ ಆಗುತ್ತೆ. ಅದಕ್ಕೇ ದಿನಾ ಆಡ್ತೀವಿ."

ಅವಳು ಬರಿಯ ಅಳತೆಗೋಲು ಎಂದುಕೊಂಡು ವಾರವಾರವೂ ಹೊತ್ತು ತಂದ ಪ್ರಶ್ನೆಯೇ ಮಕ್ಕಳಿಗೆ ಪಾಠವಾಗಿತ್ತು. ಎ ಕೋಣೆಗೂ ಅದೇ ಪ್ರಶ್ನೆ, ಬಿ ಕೋಣೆಗೂ ಅದೇ ಪ್ರಶ್ನೆ. ಎರಡೂ ಸಮ ಬಾರದೆ ಇನ್ನೇನು? ಕಾಯಲು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಫೋನಿನಲ್ಲಿ ಇದನ್ನು ಕೇಳಿದ ಪ್ರೊಫೆಸರ್, ಬಸ್ಸಿನ ತೊಂದರೆಯಿಂದ ಅವಳು ವಾರವಾರ ಹೋಗಲಾಗದಿದ್ದ ಆ ದೂರದ ಶಾಲೆಯ ಅಂಕಗಳನ್ನು ತೆಗೆಸಿದರು. ಅಲ್ಲಿ ಕಾರ್ಡು ಸಿಕ್ಕ ಮಕ್ಕಳೂ ಸಿಗದ ಮಕ್ಕಳೂ ಇದ್ದಲ್ಲೇ ಇದ್ದರು. ಪ್ರೊಫೆಸರರ ದನಿಯೇ ಬದಲಾಯಿತು. ಕಾರ್ಡು ಬೇಡ, ಪೆಟ್ಟಿಗೆ ಬೇಡ, ಪ್ರಶ್ನೆಯೊಂದೇ ಸಾಕು, ಇದಕ್ಕಿಂತ ದೊಡ್ಡ ಶೋಧ ಬೇಕೇ ಎಂದರು. ಹೊಸ ಅರ್ಜಿಯಲ್ಲಿ ಅವಳ ಹೆಸರು ತಮ್ಮ ಹೆಸರಿನ ಪಕ್ಕದಲ್ಲೇ ಇರುತ್ತದೆ ಎಂದರು. ಹೆಡ್‌ಮಾಸ್ಟರ್ ಅತ್ತಿಗೆಗೆ ತರಗತಿಯನ್ನು ವಾಪಸು ಕೊಟ್ಟರು, ಗಡಿಬಿಡಿಯಲ್ಲಿ, ಅವಳ ಕಣ್ಣು ತಪ್ಪಿಸಿ.

ಆ ಸಂಜೆ ಅಳತೆ ಮೇಡಂ ಅಡುಗೆಮನೆಗೆ ಹೋಗಿ ಅತ್ತಿಗೆಯ ಎದುರು ನೆಲದ ಮೇಲೆ ಕೂತಳು. ಅತ್ತಿಗೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಪ್ರೊಫೆಸರ್‌ಗೆ ದೂರು ಹೇಳಿದ್ದು ನಾನೇ, ತಪ್ಪಾಯಿತು ಎಂದು ಇವಳು ಒಂದೇ ಉಸಿರಿಗೆ ಹೇಳಿಬಿಟ್ಟಳು. ಗೊತ್ತು ಎಂದಳು ಅತ್ತಿಗೆ, ನಿಮ್ಮ ನಾದಿನಿಯೇ ಹೇಳಿದ್ದಾರೆ ಅಂತ ಹೆಡ್‌ಮಾಸ್ಟರ್ ಆಗಲೇ ಅಂದಿದ್ದರು. ಆ ಮಾತಿನಲ್ಲಿ ಕಹಿಯಿರಲಿಲ್ಲ, ಅದರಿಂದಲೇ ಇವಳಿಗೆ ಹೆಚ್ಚು ನೋವಾಯಿತು. ಅತ್ತಿಗೆಯ ಮನಸ್ಸು ಹಗುರಾಗಲೆಂದು ಉಳಿದದ್ದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದಳು. ಯಾರೂ ಏನನ್ನೂ ಕದ್ದಿಲ್ಲ. ಕಾರ್ಡಿನದೂ ಏನೂ ಇಲ್ಲ. ಮಕ್ಕಳು ಮುಂದೆ ಬಂದದ್ದು ತಾನು ಕೇಳುತ್ತಿದ್ದ ಪ್ರಶ್ನೆಯಿಂದ.

ಅತ್ತಿಗೆಯ ಕೈ ನಿಂತಿತು.

"ಇಷ್ಟು ವರ್ಷ ಪಾಠ ಮಾಡಿದ್ರಲ್ಲಿ ಈ ವರ್ಷವೇ ಕಣೇ, ನನ್ನ ಕೈಲೂ ಆಗುತ್ತೆ ಅಂತ ಅನ್ನಿಸಿದ್ದು. ಹಿಂದಿನ ಸಾಲಿನ ಮಕ್ಕಳೂ ಓದಿದ್ರು. ನಿನ್ನ ಹತ್ರ ಹೇಳೋ ಹಾಗಿರ್ಲಿಲ್ಲ, ಒಳಗೊಳಗೇ ಕುಣಿದಾಡಿದ್ದೆ."

ಅದರಲ್ಲಿ ನಿಮ್ಮ ಪಾಲೂ ಇದೆ ಅತ್ತಿಗೆ ಎನ್ನಲು ಇವಳು ಬಾಯಿ ತೆರೆದಳು. ಎಷ್ಟು ಎಂದು ಅತ್ತಿಗೆ ಕೇಳಿಬಿಟ್ಟರೆ? ಅದನ್ನು ಅಳೆಯಲು ಯಾರೂ ಯೋಚಿಸಿರಲಿಲ್ಲ. ಬಾಯಿ ಹಾಗೆಯೇ ಮುಚ್ಚಿಕೊಂಡಿತು.

"ಕಳ್ಳಿ ಅಂದ್ರಲ್ಲ, ಆಗ ಸಂಕಟ ಆಯ್ತು, ಸುಳ್ಳಲ್ಲ," ಎಂದಳು ಅತ್ತಿಗೆ ಮೆಲ್ಲಗೆ. "ಆದ್ರೆ ಕದ್ದಾದ್ರೂ ಕಲಿಸಿದ್ದು ನಾನೇ ಅಂತ ಅವರ ಮಾತಲ್ಲೇ ಇತ್ತು. ಈಗ ಅದನ್ನೂ ತಗೊಂಡ್ಬಿಟ್ಟೆ ನೀನು."