ಒಪ್ಪಿಕೊಂಡುಬಿಡು ಅಂದ ಅಪ್ಪ

ಮಕ್ಕಳ ಮೇಲೆ ಮನೆಗೆ ದೂರು ಬಂದರೆ ನಾವು ಮಾಡುವುದು ಒಂದೇ ಕೆಲಸ. ಕಿವಿ ಹಿಂಡಿ, "ಮೊದಲು ತಪ್ಪಾಯ್ತು ಅನ್ನು" ಎನ್ನುತ್ತೇವೆ. ಏನಾಯಿತೆಂದು ಆಮೇಲೂ ಕೇಳುವುದಿಲ್ಲ. ಬಸ್ ನಿಲ್ದಾಣದ ಎದುರಿನ ಕ್ಷೌರದಂಗಡಿಯವನೂ ಅದನ್ನೇ ಮಾಡಿದ.

ಅವನ ಮಗಳು ಗುಬ್ಬಿಗೆ ಹದಿನೈದು ವರ್ಷ. ಕರೆಯುವುದು ಗುಬ್ಬಿ ಅಂತ, ಮೈದಾನಕ್ಕಿಳಿದರೆ ಗೂಳಿ. ಅವಳು ಆಡುವುದು ರಗ್ಬಿ. ಆ ಆಟದಲ್ಲಿ ಚೆಂಡು ಹಿಡಿದವಳು ನೆಲಕ್ಕೆ ಬಿದ್ದರೆ ಎರಡೂ ತಂಡದವರು ಆಚೀಚೆ ಬಗ್ಗಿ ನಿಂತು ಒಬ್ಬರನ್ನೊಬ್ಬರು ತಳ್ಳುತ್ತಾರೆ. ಅಂಥ ನೂಕಾಟದಲ್ಲಿ ಗುಬ್ಬಿಯ ಬೂಟು ಬಿದ್ದವಳ ಕಿವಿಯ ಮೇಲೆ ಊರಿತು. ಆ ಹುಡುಗಿಯ ಕಿವಿ ಹರಿದು ಹೊಲಿಗೆ ಹಾಕಬೇಕಾಯಿತು. ರೆಫ್ರಿ ಕೆಂಪು ಕಾರ್ಡ್ ತೋರಿಸಿ ಗುಬ್ಬಿಯನ್ನು ಹೊರಗೆ ಕಳಿಸಿದರು. "ಬೇಕೆಂದೇ ತಲೆ ತುಳಿದಳು" ಎಂದು ವರದಿ ಬರೆದರು. ಅಪ್ಪನೊಡನೆ ರಗ್ಬಿ ಸಂಘದ ಶಿಸ್ತು ಸಮಿತಿಯ ಮುಂದೆ ಬರಬೇಕೆಂದು ನೋಟೀಸ್ ಬಂತು.

"ವಾದ ಗೀದ ಬೇಡ. ಕೇಳಿದ್ದಕ್ಕೆಲ್ಲ ಹೂಂ ಅಂದು ಒಪ್ಪಿಕೊಂಡುಬಿಡು. ದೊಡ್ಡವರು, ಬೈದು ಕಳಿಸ್ತಾರೆ" ಎಂದ ಅಪ್ಪ.

ಸಮಿತಿಯವರು ಆರೋಪ ಓದಿದರು. "ಒಪ್ತೀಯಾ?" ಎಂದು ಕೇಳಿದರು. ಗುಬ್ಬಿ ಅಪ್ಪನ ಮುಖ ನೋಡಿ "ಹೂಂ" ಎಂದಳು. ಅಷ್ಟೇ. ಅವಳ ಕೋಚ್ ತಂದಿದ್ದ ಪಂದ್ಯದ ವಿಡಿಯೋವನ್ನು ಯಾರೂ ನೋಡಲಿಲ್ಲ. ಬೈಗುಳವೂ ಇಲ್ಲ, ಬುದ್ಧಿಮಾತೂ ಇಲ್ಲ. ಈ ಋತುವಿಡೀ ಆಡುವಂತಿಲ್ಲ ಎಂಬ ತೀರ್ಪು ಕೈಗೆ ಬಂತು.

ಅಪ್ಪ ತೀರ್ಪನ್ನು ಎರಡೆರಡು ಸಲ ಓದಿದ. ಹೂಂ ಅಂದರೆ ಮುಗಿಯುತ್ತದೆ ಎಂದುಕೊಂಡಿದ್ದ. ಮಗಳ ಆಟವೇ ಮುಗಿದುಹೋಗಿತ್ತು.

ಅಂಗಡಿಯ ಮಹಡಿಯ ಮೇಲೆ ಒಬ್ಬ ನಿವೃತ್ತ ಆಟದ ಟೀಚರ್ ಇದ್ದರು. ವರ್ಷಗಟ್ಟಲೆ ರೆಫ್ರಿ ಆಗಿದ್ದವರು. ವಿಷಯ ಕೇಳಿ ಮೆಟ್ಟಿಲಿಳಿದು ಬಂದವರೇ, "ಮೇಲ್ಮನವಿ ಹಾಕಿದ್ರೇನ್ರೀ?" ಎಂದರು.

"ಬೇಡಿ ಟೀಚರ್. ಅದೇ ಜನ ಮತ್ತೆ ಕೂರ್ತಾರೆ. ಸಿಟ್ಟು ಬಂದು ಇನ್ನೂ ಎರಡು ವರ್ಷ ಜಡಿದ್ರೆ?"

"ಅದೇ ಜನ ಕೂರಲ್ಲ, ಬೇರೆಯವರು ಕೇಳ್ತಾರೆ. ಆದ್ರೆ 'ಪಾಪ ಹುಡುಗಿ, ಬಿಟ್ಬಿಡಿ' ಅಂತ ಅತ್ರೆ ಆಗಲ್ಲ. ಮೊದಲ ವಿಚಾರಣೇಲಿ ಎಲ್ಲಿ ಎಡವಟ್ಟಾಯ್ತು ಅಂತ ನಾವು ತೋರಿಸ್ಬೇಕು. ತೀರ್ಪಿನ ಕೊನೇಲಿ ಗಡುವು ಬರೆದಿರ್ತಾರೆ, ಅದು ದಾಟಬಾರದು. ಅದೆಲ್ಲ ಇರ್ಲಿ, ನಿಮ್ಮ ಮಗಳು ಏನಂತಾಳೆ?"

ಊರಿನ ಸುದ್ದಿಯನ್ನೆಲ್ಲ ಕತ್ತರಿ ಆಡಿಸುತ್ತಲೇ ಕೇಳಿ ತಿಳಿಯುವವನಿಗೆ ಸ್ವಂತ ಮಗಳ ಸುದ್ದಿ ಗೊತ್ತಿರಲಿಲ್ಲ. ಟೀಚರ್ ಗುಬ್ಬಿಯನ್ನು ಕರೆದು ಗಿರಾಕಿಯ ಕುರ್ಚಿಯಲ್ಲೇ ಕೂರಿಸಿದರು.

"ಹಿಂದಿನಿಂದ ಜೋರಾಗಿ ತಳ್ಳಿದ್ರು ಟೀಚರ್. ಕಾಲಿಡೋಕೆ ಜಾಗಾನೇ ಇರ್ಲಿಲ್ಲ. ಕೆಳಗೆ ನಾನು ನೋಡಿರ್ಲೂ ಇಲ್ಲ. ಮೆತ್ತಗೆ ಏನೋ ಸಿಕ್ತು, ಅವಳು ಕಿರುಚಿದ್ಲು. ನಾನೂ ಕಿರುಚ್ದೆ."

"ಮತ್ತೆ ಅಲ್ಲಿ ಯಾಕೇ ಹೂಂ ಅಂದೆ?" ಅಪ್ಪ ರೇಗಿದ.

"ನೀನೇ ಅಲ್ವಾ ಒಪ್ಕೋ ಅಂದಿದ್ದು? ನಾನು ಬೇಕಂತಲೇ ತುಳಿದೆ ಅಂತ ನೀನೂ ನಂಬಿದೀಯ ಅಂದ್ಕೊಂಡೆ ಅಪ್ಪಾ."

ಅಪ್ಪ ಬೆಚ್ಚಿಬಿದ್ದ. ತೀರ್ಪು ಓದಿದಾಗಲೂ ಅವನಿಗೆ ಅಂಥ ಪೆಟ್ಟು ಬಿದ್ದಿರಲಿಲ್ಲ.

ಗಡುವಿನೊಳಗೇ ಮೇಲ್ಮನವಿ ಹೋಯಿತು. ಹುಡುಗಿ ಒಪ್ಪಿದ್ದು ಏನನ್ನು ಎಂದು ಯಾರೂ ಬಿಡಿಸಿ ಕೇಳಲಿಲ್ಲ, ವಿಡಿಯೋ ನೋಡಲಿಲ್ಲ ಎಂದು ಅದರಲ್ಲಿ ಬರೆದಿದ್ದರು. ಹೊಸ ಸಮಿತಿ ವಿಡಿಯೋ ಹಾಕಿಸಿತು. ಬೆನ್ನ ಹಿಂದಿದ್ದ ಆಟಗಾರ್ತಿಯರು ತಳ್ಳಿದ್ದು, ಗುಬ್ಬಿ ಮುಗ್ಗರಿಸಿದ್ದು ಎಲ್ಲರಿಗೂ ಕಂಡಿತು. ಆ ಹುಡುಗಿಯ ಹರಿದ ಕಿವಿಯೂ ಕಂಡಿತು.

"ಇದನ್ನೆಲ್ಲ ಆವತ್ತೇ ಯಾಕಮ್ಮ ಹೇಳ್ಲಿಲ್ಲ?" ಎಂದರು ಅಧ್ಯಕ್ಷರು.

ಪಕ್ಕದಲ್ಲಿ ಕೂತಿದ್ದ ಅಪ್ಪ ಎದ್ದು ನಿಂತ. "ನಾನು ಕೇಳ್ಲಿಲ್ಲ ಸಾರ್" ಎಂದ.

ಬೇಕೆಂದು ತುಳಿದದ್ದಲ್ಲ, ಆದರೆ ಕಾಲಿಡುವಾಗ ಎಚ್ಚರ ತಪ್ಪಿದ್ದು ನಿಜ ಎಂದು ಸಮಿತಿ ಹೇಳಿತು. ಋತುವಿಡೀ ಇದ್ದ ನಿಷೇಧ ಮೂರು ಪಂದ್ಯಕ್ಕೆ ಇಳಿಯಿತು. "ಅದೂ ಯಾಕೆ?" ಎಂದು ಅಪ್ಪ ಹೊರಗೆ ಬಂದು ಗೊಣಗಿದ.

"ಅವಳ ಕಿವಿ ಹರಿದಿದ್ದು ನನ್ನ ಬೂಟಿಂದಾನೇ ಅಲ್ವಾ ಅಪ್ಪಾ? ಅಷ್ಟನ್ನ ಒಪ್ಕೋತೀನಿ" ಎಂದಳು ಗುಬ್ಬಿ. ಈ ಸಲ ಅವಳು ಅಪ್ಪನ ಮುಖ ನೋಡಿ ಹೇಳಲಿಲ್ಲ.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮನೆಗೂ ಇಂಥ ನೋಟೀಸ್ ಬರಬಹುದು. ವಿಚಾರಣೆಗೆ ತಪ್ಪದೆ ಹೋಗಿ. ವಿಡಿಯೋ, ಸಾಕ್ಷಿ ಏನಿದ್ದರೂ ಜೊತೆಗೊಯ್ಯಿರಿ. ಮಾಡಿದ್ದನ್ನು ಮಾತ್ರ ಒಪ್ಪಿಕೊಳ್ಳಲು ಹೇಳಿ, ಮಾಡದ್ದಕ್ಕೆ ಹೂಂ ಅನ್ನಿಸಬೇಡಿ. ತೀರ್ಪು ತಪ್ಪೆನಿಸಿದರೆ ಗಡುವಿನೊಳಗೆ ಮೇಲ್ಮನವಿ ಹಾಕಿ. ಇವೆಲ್ಲಕ್ಕಿಂತ ಮೊದಲು, ಇವತ್ತೇ, ಮಗುವನ್ನು ಎದುರಿಗೆ ಕೂರಿಸಿಕೊಂಡು "ಏನಾಯ್ತು, ನೀನು ಹೇಳು" ಎಂದು ಕೇಳಿ. ಸಮಿತಿ ಕೇಳುವವರೆಗೆ ಕಾಯಬೇಡಿ.