ಮಾತೆಯ ನಿಲುವಂಗಿಯ ಬೆಳ್ಳಿ

ಸೆವೆರೋ ಕೋಲ್ಕೆ ಎಂಬವನನ್ನು ಚರ್ಚಿನ ಮುಂದಿನ ದೀಪದ ಕಂಬಕ್ಕೆ ಕಟ್ಟಿಹಾಕಿ ಆಗಲೇ ಎರಡು ಗಂಟೆಯಾಗಿತ್ತು. ಊರವರು ಕರೆಸಿಕೊಂಡಿದ್ದ ಬಸಿಲಿಯಾ ಲಾರಿಯಿಂದ ಇಳಿದಾಗ ಮೊದಲು ಕಂಡದ್ದು ಅವನ ಬರಿಗಾಲು. ಆಮೇಲೆ ಕಂಬದ ಬುಡದಲ್ಲಿದ್ದ ಹಳದಿ ಡಬ್ಬ. ಅದರಲ್ಲಿ ಏನಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಪೆಟ್ರೋಲಿನ ವಾಸನೆ ಚೌಕದ ತುಂಬ ಹರಡಿತ್ತು.

"ದೊನ್ಯಾ ಬಸಿಲಿಯಾ ಬಂದ್ರು, ದಾರಿ ಬಿಡ್ರೋ!" ಎಂದು ಕೂಗುತ್ತ ತೆಯೊದೋಸಿಯಾ ಜನರನ್ನು ಸರಿಸಿದಳು. ಕಾಲ್ಯಾಪಂಪ ಊರಿನ ಸಂಘಕ್ಕೆ ಆ ವರ್ಷ ಅವಳೇ ಮುಖ್ಯಸ್ಥೆ. "ಪೊಲೀಸರು ಬರೋದು ಸಂಜೆಗಂತೆ. ಈ ಜನ ಅಲ್ಲೀವರೆಗೂ ಕಾಯೋ ಹಾಗೆ ಕಾಣಲ್ಲ. ನೀವು ಒಂದು ಮಾತು ಹೇಳಿಬಿಡಿ, ಮುಗೀಲಿ."

ಬಸಿಲಿಯಾ ಹುಟ್ಟಿದ್ದು ಇದೇ ಊರಿನಲ್ಲಿ. ಪೊತೊಸಿಯ ಹಳೆಯ ಟಂಕಸಾಲೆ ಈಗ ವಸ್ತುಸಂಗ್ರಹಾಲಯ. ಅಲ್ಲಿಗೆ ಮೂವತ್ತೊಂದು ವರ್ಷದ ಹಿಂದೆ ಕಸ ಗುಡಿಸಲು ಸೇರಿದವಳು. ಸ್ಪೇನಿನ ರಾಜರ ಕಾಲದ ಬೆಳ್ಳಿ ನಾಣ್ಯಗಳನ್ನು ಒರೆಸುತ್ತ ಒರೆಸುತ್ತ ಅವುಗಳ ಜಾತಿ, ಊರು, ವಯಸ್ಸೆಲ್ಲ ಅವಳ ಕಣ್ಣಿಗೆ ಹತ್ತಿಹೋಗಿದ್ದವು. ದೊಡ್ಡ ಓದು ಓದಿದವರೂ ಅನುಮಾನ ಬಂದರೆ ನಾಣ್ಯ ಹಿಡಿದು ಅವಳ ಮೇಜಿನ ಮುಂದೆ ನಿಲ್ಲುತ್ತಿದ್ದರು.

ಕಥೆ ಇಷ್ಟೆ. ಹಬ್ಬಕ್ಕೆ ಒಂಬತ್ತು ದಿನವಿರುವಾಗ ಕ್ಯಾಂಡಲೇರಿಯಾ ಮಾತೆಯ ಮೂರ್ತಿಗೆ ತೊಡಿಸುವ ನಿಲುವಂಗಿಯನ್ನು ಹೊರತೆಗೆದಿದ್ದಾರೆ. ಅದಕ್ಕೆ ಹೊಲಿದ ನಲವತ್ತಮೂರು ನಾಣ್ಯಗಳಲ್ಲಿ ಒಂದು ಇಲ್ಲ. ಕತ್ತರಿಸಿದ ದಾರ ಮಾತ್ರ ಇದೆ. ಅದರ ಮಾರನೆಯ ದಿನವೇ ಗಣಿ ಕೆಲಸದ ಸೆವೆರೋ ಅಂಥದೇ ಒಂದು ನಾಣ್ಯವನ್ನು ಸಂತೆಯಲ್ಲಿ ತೂಗಿಸುತ್ತಿದ್ದುದನ್ನು ಯಾರೋ ಕಂಡಿದ್ದಾರೆ.

"ನಮ್ಮಜ್ಜೀದು," ಎಂದ ಸೆವೆರೋ. ತುಟಿ ಒಡೆದು ಮಾತು ತೊದಲುತ್ತಿತ್ತು. "ಕೊರಳಿಗೆ ಕಟ್ಕೊಳ್ತಿದ್ಲು. ಅದಕ್ಕೇ ತೂತಿದೆ. ಮಾತೆಯಾಣೆ."

"ಕದ್ದೋನ ಬಾಯಲ್ಲಿ ಮಾತೆ ಹೆಸರು!" ಎಂದು ಗುಂಪಿನಲ್ಲಿ ಒಬ್ಬ ಕಿರುಚಿದ. ಕಲ್ಲೊಂದು ಕಂಬಕ್ಕೆ ಬಡಿದು ಠಣ್ ಎಂದಿತು.

ತೆಯೊದೋಸಿಯಾ ಬಸಿಲಿಯಾಳ ಅಂಗೈಗೆ ನಾಣ್ಯ ಹಾಕಿ ಚರ್ಚಿನ ಹಳೆಯ ಪುಸ್ತಕ ಬಿಚ್ಚಿದಳು. ಎಷ್ಟೋ ವರ್ಷದ ಹಿಂದೆ ಪಾದ್ರಿಯೊಬ್ಬರು ನಿಲುವಂಗಿಯ ಒಂದೊಂದು ನಾಣ್ಯವನ್ನೂ ಅದರಲ್ಲಿ ಬರೆದಿಟ್ಟಿದ್ದರು. "ನೋಡಿ, ಹದಿನೇಳನೇದು. ರಾಜನ ಮುಖ, ಸಾವಿರದ ಏಳುನೂರ ತೊಂಬತ್ತೆರಡು, ತಲೆ ಮೇಲೆ ತೂತು. ಇದರಲ್ಲೂ ಅದೇ ಇಸವಿ, ಅದೇ ತೂತು. ಇನ್ನೇನು ಬೇಕು?"

ಬಸಿಲಿಯಾ ಭೂತಗನ್ನಡಿ ತೆಗೆದಳು. ಅಚ್ಚು ಒತ್ತಿದ ಅಪ್ಪಟ ಬೆಳ್ಳಿಯೇ. ತಿರುಗಿಸಿದಳು. ಗುರಾಣಿಯ ಸುತ್ತ ಓಡುವ ಬರಹದ ಕೊನೆಯಲ್ಲಿ ಪಿ, ಟಿ, ಎಸ್ ಒಂದರ ಮೇಲೊಂದು ಹೆಣೆದುಕೊಂಡಿದ್ದವು: ಪೊತೊಸಿ. ಅದರ ಪಕ್ಕ ಪಿ, ಆರ್. ಪುಸ್ತಕ ನೋಡಿದಳು. ಪಾದ್ರಿಗೆ ಅರ್ಥ ತಿಳಿದಿತ್ತೋ ಇಲ್ಲವೋ, ಹದಿನೇಳನೆಯ ನಾಣ್ಯದ ಕೊನೆಯ ಅಕ್ಷರಗಳನ್ನು ಮಾತ್ರ ಇದ್ದ ಹಾಗೇ ಬರೆದುಕೊಂಡಿದ್ದರು: ಐ, ಜೆ.

"ಇದು ಮಾತೇದಲ್ಲ," ಎಂದಳು.

ಚೌಕದಲ್ಲಿ ಒಮ್ಮೆಲೇ ಗದ್ದಲವಾಯಿತು. "ಊರವಳೇ ಆಗಿ ಕಳ್ಳನ ಕಡೆ ಮಾತಾಡ್ತೀಯ?" "ಎಷ್ಟು ಕೊಟ್ಟ ನಿಂಗೆ?"

"ಬಾಯ್ಮುಚ್ಚಿ ಕೇಳಿ!" ಬಸಿಲಿಯಾಳ ದನಿ ಅವಳಿಗೇ ಅಪರಿಚಿತವೆನಿಸಿತು. "ಬೆಳ್ಳೀನ ಒರೆ ಹಚ್ಚಿ ನೋಡಿದ ಚಿನಿವಾರರು ತಮ್ಮ ಹೆಸರಿನ ಅಕ್ಷರ ಹಾಕ್ತಿದ್ರು. ಪಿ, ಆರ್ ಅಂದ್ರೆ ನಮ್ಮ ಪೊತೊಸಿಯೋರು. ಐ, ಜೆ ಲೀಮಾ ಟಂಕಸಾಲೆಯೋರು. ಕಳೆದುಹೋಗಿರೋದು ಲೀಮಾದ ನಾಣ್ಯ, ಇವನ ಹತ್ರ ಇರೋದು ಪೊತೊಸೀದು. ಇಸವಿ ಒಂದೇ ಆದ್ರೆ ನಾಣ್ಯ ಒಂದೇ ಆಗುತ್ತಾ? ಒಂದೇ ದಿನ ಹುಟ್ಟಿದ ಎರಡು ಕೂಸು ಒಂದೇ ತಾಯೀವಾ?"

ತೆಯೊದೋಸಿಯಾ ಹುಬ್ಬು ಗಂಟಿಕ್ಕಿದಳು. "ಪಾದ್ರಿ ತಪ್ಪು ಬರೆದಿರಬಹುದು. ಲೀಮಾದ್ದು, ಪೊತೊಸೀದು ಎರಡೂ ಅಂಗಿ ಮೇಲಿರಬೇಕಲ್ಲ? ತೋರ್ಸಿ, ನಾನು ಕಣ್ಣಾರೆ ನೋಡ್ತೀನಿ. ಇಲಾರಿಯೋನ್, ಅಂಗಿ ತಗೊಂಬಾ."

ಚರ್ಚಿನ ಬಾಗಿಲಲ್ಲಿ ನಿಂತಿದ್ದ ಇಲಾರಿಯೋನ್ ಅಲುಗಲಿಲ್ಲ. ಚರ್ಚಿನ ಬೀಗದ ಕೈ ಇಪ್ಪತ್ತು ವರ್ಷದಿಂದ ಅವನ ಸೊಂಟದಲ್ಲೇ. ಬಸಿಲಿಯಾಳ ಮಗಳಿಗೆ ಜ್ಞಾನಸ್ನಾನವಾದ ದಿನ ಧರ್ಮತಂದೆಯಾಗಿ ನಿಂತವನೂ ಅವನೇ. ಅಂದಿನಿಂದ ಇಬ್ಬರೂ ಕೊಂಪಾದ್ರೆ, ಕೊಮಾದ್ರೆ ಎಂದೇ ಕರೆದುಕೊಳ್ಳುತ್ತಿದ್ದರು.

"ಪಾದ್ರಿಗಳಿಲ್ಲದೆ ಅಂಗಿ ಹೊರಗೆ ತರಬಾರದು," ಎಂದ.

"ಊರೇ ಕೇಳ್ತಿದೆ, ತಗೊಂಬಾ."

ನೀಲಿ ಮಕಮಲ್ಲಿನ ಅಂಗಿಯನ್ನು ಮೆಟ್ಟಿಲ ಮೇಲೆ ಹಾಸಿದರು. ಬಸಿಲಿಯಾ ಮಂಡಿಯೂರಿದಳು. ಲೀಮಾದ ಅಕ್ಷರವಿದ್ದ ನಾಣ್ಯವೊಂದನ್ನು ಎತ್ತಿಹಿಡಿದವಳೇ ಮರವಟ್ಟಳು. ರಾಜನ ಗಲ್ಲದ ಮೇಲೆ ಸಣ್ಣದೊಂದು ಗೀರು. ಪಕ್ಕದ್ದನ್ನು ನೋಡಿದಳು. ಅದೇ ಜಾಗದಲ್ಲಿ ಅದೇ ಗೀರು. ಅದರ ಪಕ್ಕದ್ದರಲ್ಲೂ. ಅಂಚನ್ನು ಉಗುರಿನಿಂದ ಸವರಿದಳು. ಅಚ್ಚಿನ ಗೆರೆಗಳ ಬದಲು ಅರ ಹಾಕಿ ಉಜ್ಜಿದ ಬೆಸುಗೆ ಸಿಕ್ಕಿತು. ಇವು ಟಂಕಸಾಲೆಯಲ್ಲಿ ಹುಟ್ಟಿದವಲ್ಲ. ಒಂದೇ ನಾಣ್ಯದಿಂದ ಅಚ್ಚು ತೆಗೆದು ಯಾರೋ ಸುರಿದ ಎರಕ. ಒಂದಲ್ಲ, ಎರಡಲ್ಲ. ಇದು ನಿನ್ನೆ ಮೊನ್ನೆಯ ಕಳವೂ ಅಲ್ಲ.

ತಲೆಯೆತ್ತಿದಳು. ಇಲಾರಿಯೋನ್ ಅವಳನ್ನೇ ನೋಡುತ್ತಿದ್ದ. ಬೆಟ್ಟದ ಚಳಿಗಾಳಿಯಲ್ಲೂ ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಅವಳಿಗೆ ಎಲ್ಲ ತಿಳಿಯಿತು. ತಿಳಿಯಿತೆಂಬುದು ಅವನಿಗೂ ತಿಳಿಯಿತು.

"ಏನಾಯ್ತು?" ಎಂದಳು ತೆಯೊದೋಸಿಯಾ.

ಈಗ ಒಂದು ಮಾತು ಆಡಿದರೆ ಸಾಕು, ಸೆವೆರೋನ ಹಗ್ಗ ಬಿಚ್ಚಿ ಅದೇ ಹಗ್ಗದಲ್ಲಿ ಇಲಾರಿಯೋನನನ್ನು ಕಟ್ಟುತ್ತಾರೆ. ಆಡದಿದ್ದರೆ ಸೆವೆರೋ ಉಳಿಯುತ್ತಾನೋ ಇಲ್ಲವೋ. ಎರಕದಲ್ಲೂ ಲೀಮಾದ ಅಕ್ಷರಗಳು ಹಾಗೇ ಇವೆ, ಸೆವೆರೋನನ್ನು ಬಿಡಿಸಲು ಅಷ್ಟು ಸಾಕು ಎಂಬುದು ಬಸಿಲಿಯಾಳಿಗೆ ಹೊಳೆಯಿತು.

"ಏನಿಲ್ಲ, ಬಿಸಿಲು ಕಣ್ಣಿಗೆ ಹೊಡೀತಿದೆ. ಬಾ ಇಲ್ಲಿ, ಭೂತಗನ್ನಡಿ ಹಿಡಿ. ಇದು ಲೀಮಾ. ಕೊನೇಲಿ ಏನಿದೆ ಓದು."

"ಐ... ಜೆ."

"ಇನ್ನು ಇವನದು."

ತೆಯೊದೋಸಿಯಾ ಬಹಳ ಹೊತ್ತು ನೋಡಿದಳು. "ಪಿ, ಆರ್," ಎಂದಳು ಕೊನೆಗೆ. ಎದ್ದು ನಿಂತು ಗಟ್ಟಿಯಾಗಿ, "ಬೇರೆ ಬೇರೆನೇ ಕಣ್ರೋ. ಬಿಚ್ಚಿ ಅವನನ್ನ," ಎಂದಳು.

ಯಾರೂ ಮುಂದೆ ಬರಲಿಲ್ಲ. ಅವಳೇ ಹೋಗಿ ಗಂಟು ಬಿಚ್ಚಿದಳು. ಸೆವೆರೋ ನಿಲ್ಲಲಾರದೆ ಕುಸಿದ. ಅವನಕ್ಕ ಓಡಿಬಂದು ತನ್ನ ಕಂಬಳಿಯನ್ನು ಅವನಿಗೆ ಹೊದಿಸಿದಳು. ಬಸಿಲಿಯಾ ಅಜ್ಜಿಯ ನಾಣ್ಯವನ್ನು ಅವನ ಮುಷ್ಟಿಯೊಳಗಿಟ್ಟು ಬೆರಳು ಮಡಚಿದಳು.

"ಉಳಿದ ನಾಣ್ಯಾನೂ ನಾನು ಸರಿಯಾಗಿ ನೋಡಬೇಕು," ಎಂದಳು ತೆಯೊದೋಸಿಯಾಗೆ. "ಅಲ್ಲೀವರೆಗೂ ಅಂಗಿ ನಿನ್ನ ಬೀಗದಲ್ಲಿರಲಿ. ಯಾರ ಕೈಗೂ ಕೊಡಬೇಡ." ಆಮೇಲೆ ಇಲಾರಿಯೋನನ ಹತ್ತಿರ ಹೋಗಿ, ತುಟಿ ಅಲುಗಿಸದೆ, "ಲಾರಿ ಹತ್ತು, ಕೊಂಪಾದ್ರೆ. ಈಗಲೇ," ಎಂದಳು.

ಊರು ದಾಟುವವರೆಗೆ ಅವನು ತಲೆ ಎತ್ತಲಿಲ್ಲ. "ಮೊದಲನೇದು ಹೆಂಡತಿ ಔಷಧಿಗೆ," ಎಂದ. "ಉಳಿದದ್ದಕ್ಕೆ ಯಾವ ನೆಪಾನೂ ಇಲ್ಲ ಕೊಮಾದ್ರೆ. ಈ ಸಲ ಕಿತ್ತದ್ದರ ಜಾಗಕ್ಕೆ ಹಾಕೋ ಎರಕ ಕೈಗೆ ಬರೋದು ತಡವಾಯ್ತು, ಅಷ್ಟರಲ್ಲಿ ಅಂಗಿ ಹೊರಗೆ ತೆಗೆದ್ರು."

"ಅವನನ್ನ ಸುಡ್ತಿದ್ರು."

"ಹೇಳ್ಬೇಕು ಅಂತಿದ್ದೆ."

"ಯಾವಾಗ?"

ಎದುರಿಗೆ ಬರುತ್ತಿದ್ದ ಪೊಲೀಸ್ ಜೀಪನ್ನು ಬಸಿಲಿಯಾ ಕೈಯಡ್ಡ ಹಾಕಿ ನಿಲ್ಲಿಸಿದಳು. ಇಲಾರಿಯೋನ್ ತಾನೇ ಇಳಿದು ನಡೆದುಹೋಗಿ ಎಲ್ಲ ಹೇಳಿಕೊಂಡ. ಅವರು ಅವನನ್ನು ಪೊತೊಸಿಗೆ ಕರೆದೊಯ್ದರು.

ನಿಲುವಂಗಿಯಲ್ಲಿ ಹತ್ತೊಂಬತ್ತು ಎರಕಗಳು ಸಿಕ್ಕವು. ಮಗಳು ಎರಡು ತಿಂಗಳು ಬಸಿಲಿಯಾಳ ಜೊತೆ ಮಾತು ಬಿಟ್ಟಳು. ಹುಟ್ಟುಹಬ್ಬ ತಪ್ಪಿಸದೆ ಬರುತ್ತಿದ್ದ ಧರ್ಮತಂದೆಯನ್ನು ತಾಯಿಯೇ ಜೈಲಿಗೆ ಕಳಿಸಿದಳೆಂದು. ಈಸ್ಟರ್ ಕಳೆದ ಮೇಲೆ ಒಂದು ದಿನ ತೆಯೊದೋಸಿಯಾ ವಸ್ತುಸಂಗ್ರಹಾಲಯಕ್ಕೆ ಬಂದು ಮೇಜಿನ ಮುಂದೆ ನಿಂತಳು.

"ಆ ದಿನವೇ ನಿಮಗೆ ಗೊತ್ತಾಗಿತ್ತು. ಊರಿಗೆ ಹೇಳಲಿಲ್ಲ. ನಮ್ಮನ್ನ ನಂಬಲಿಲ್ಲ ನೀವು."

"ಇಲ್ಲ," ಎಂದಳು ಬಸಿಲಿಯಾ. "ಆ ದಿನ ನಂಬಲಿಲ್ಲ."

ತೆಯೊದೋಸಿಯಾ ಕುರ್ಚಿ ಎಳೆದುಕೊಂಡು ಕುಳಿತಳು.