ಕ್ಯಾಸೆಟ್ಟಿಗೆ ಒಳಗೆ ಜಾಗ ಐತೆ

ಕಾಫಿ ಲೋಟದ ಅಂಚಿಗೆ ಇರುವೆ ಹತ್ತಿದೆ, ಕುಡಿದುಬಿಡಬೇಕು, ಹೊನ್ನಕ್ಕ ಬೆಲ್ಲ ಜಾಸ್ತಿ ಹಾಕಿದ್ದಾಳೆ, ಒಳಗೆ ಬರಬೇಡ ಅಂತ ಕೈಮುಗಿದವಳೇ ಬೆಲ್ಲ ಜಾಸ್ತಿ ಹಾಕಿ ಕಾಫಿ ತಂದಿಟ್ಟು ಹೋದಳು — ಒಳಗೆ ಟೇಪ್‌ರೆಕಾರ್ಡರಿನಲ್ಲಿ ನಾನು ಗಣೆಕೊಳಲು ಊದುತ್ತಿದ್ದೇನೆ, ಹೊರಗೆ ಹಿತ್ತಲ ಬೇವಿನ ಕೆಳಗೆ ನಾನೇ ಸುಮ್ಮನೆ ಕೂತಿದ್ದೇನೆ, ಎಂಥ ತಮಾಷೆ, ನಗು ಬರುತ್ತಿಲ್ಲ ಅಷ್ಟೆ. ಗೋಡೆಯ ಆ ಕಡೆ ಪಾಲಾಕ್ಷ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲದ ರಾಶಿ ಜರಿದು ಬೆನ್ನ ಮೇಲೆ ಬಿತ್ತು, ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದರು, ಯಾರ ಮನೆಗೆ ಅಂತ ಹೇಳಲಿಲ್ಲ, ನಮ್ಮದೂ ಒಂದು ಮನೆ ಇತ್ತಲ್ಲ, ಇಷ್ಟು ವರ್ಷ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡ ಬಾಡಿಗೆ ಮನೆ, ಆದರೆ ಅಕ್ಕ ಅಂದರೆ ಅಕ್ಕ, ಹೊನ್ನಕ್ಕ ತಮ್ಮನನ್ನು ತಳಕಿನ ತನ್ನ ಮನೆಗೆ ಕರೆತಂದಳು, ನಾನು ಹಿಂದಿನ ಬಸ್ಸಿನಲ್ಲಿ ಬಂದೆ. ಒಳಗೆ ಬರಬ್ಯಾಡ ಚಂದ್ರಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಮಗಳು ಸ್ವಪ್ನನ್ನ ಈಗ ಒಪ್ಪವ್ರೆ, ಆ ಗಂಡಿನ ಕಡೆಯೋರು ಪಾಲಾಕ್ಷನ್ನ ನೋಡಾಕೆ ಬಂದು ಪಡಸಾಲೆನಾಗೆ ಕುಂತವ್ರೆ, ನಿನ್ನ ಕಂಡ್ರೆ ಮುಗೀತು. ಸ್ವಪ್ನ ನನ್ನ ಹೆಗಲ ಮೇಲೆ ಬೆಳೆದ ಕೂಸು, ಚಂದ್ರಮಾವ ಅಂತ ಕರೆಯುವ ಬಾಯಿ ಈ ಭೂಮಿಯ ಮೇಲೆ ಅದೊಂದೇ.

ಪಾಲಾಕ್ಷ ಗಣೆ ಕೇಳಬೇಕು ಅಂದನಂತೆ. ಇಲ್ಲಿಂದಲೇ ಊದ್ತೀನಿ ಕಣಕ್ಕಾ ಅಂದೆ. ಅಯ್ಯೋ ಬ್ಯಾಡಪ್ಪಾ, ಕ್ಯಾಸೆಟ್ ಐತಲ್ಲ. ಐತೆ, ಯಾರ ಮನೆಯಲ್ಲಿ ಇಲ್ಲ, ನನ್ನನ್ನು ಆಚೆ ನೂಕಿದ ನಮ್ಮ ಹಟ್ಟಿಯ ದೇವರ ಗುಡಿಸಲಿನಲ್ಲೂ ಐತೆ, ಊದುವವರು ಬೇರೆ ಯಾರೂ ಇಲ್ಲವಲ್ಲ, ಪೂಜೆಗೆ ಅದನ್ನೇ ಹಾಕುತ್ತಾರೆ, ಮುಟ್ಟಿದರೆ ಮೈಲಿಗೆ ನಾನು, ನನ್ನ ಉಸಿರಿಗೆ ಮೈಲಿಗೆ ಇಲ್ಲ, ಭಲೇ. ಅಜ್ಜ ಮೂಡಲಗಿರಿಯಪ್ಪನ ಬಿದಿರಿನ ಗಣೆ, ನನ್ನ ಎದೆಮಟ್ಟದ ಉದ್ದ, ಹೊಟ್ಟೆಯಿಂದ ಊದೋ ಲೇ, ಗಂಟಲಿಂದ ಎಲ್ರೂ ಊದ್ತಾರೆ ಅನ್ನುತ್ತಿದ್ದ — ದನದ ಸಗಣಿಯ ಘಮ, ಕಾವಲಿನ ಹುಲ್ಲು, ಅಜ್ಜನ ಬೀಡಿ — ಊದಿದೆ, ಹಟ್ಟಿ ಹಟ್ಟಿ ಕರೆದವು, ಕ್ಯಾಸೆಟ್ಟಾಯಿತು, ತೊಂಬತ್ತೊಂಬತ್ತರಲ್ಲಿ ದುರ್ಗದ ಸ್ಟೇಜಿನ ಮೇಲೆ ಹಾರ ಹಾಕಿ ನಿರೂಪಕ ಮೈಕು ಮುಂದೆ ಹಿಡಿದ, ಕಲಾವಿದರ ಮದುವೆ ಯಾವಾಗ? ಆಗೈತೆ ಸಾರ್, ಪಾಲಾಕ್ಷನ ಜೊತೆ. ಜನ ಘೊಳ್ಳೆಂದು ನಕ್ಕರು. ತಮಾಷೆ ಅಲ್ಲ ಸಾರ್, ನಾವಿಬ್ರೂ ಗಂಡಹೆಂಡ್ತಿ ಹಂಗೇ ಇರೋದು. ಆಮೇಲೆ ಯಾರೂ ನಗಲಿಲ್ಲ, ಪಾಲಾಕ್ಷ ಟವಲಿನಲ್ಲಿ ಮುಖ ಮುಚ್ಚಿಕೊಂಡಿದ್ದ, ಲೇ ಹುಚ್ಚ, ನನ್ನ ಒಂದ್ಮಾತು ಕೇಳಬಾರ್ದಾ, ಬಸ್ಸಿನಲ್ಲಿ ಬೈದ, ಬೈದು ಬೈದು ನನ್ನ ಹೆಗಲಿಗೇ ಒರಗಿ ನಿದ್ದೆಹೋದ. ಹಟ್ಟಿಯವರು ಗಣೆ ಕಿತ್ತುಕೊಂಡರು, ತಂಗಿ ಗಂಗಲಕ್ಷ್ಮಿಗೆ ಗೊತ್ತುಮಾಡಿದ್ದ ಗಂಡು ಬೇಡ ಅಂದು ಹೋದ, ಬೆಂಗಳೂರಿನವರು ಕರೆದು ಶಾಲು ಹೊದಿಸಿ ಎಂಥ ಧೈರ್ಯ ಎಂಥ ಧೈರ್ಯ ಅಂದರು, ಶಾಲು ಹೊದ್ದು ಎಲ್ಲಿಗೆ ಹೋಗಲಿ. ಪಾಲಾಕ್ಷ ಬೋರ್‌ವೆಲ್ಲಿನ ಪ್ಲಾಸ್ಟಿಕ್ ಪೈಪು ತಂದು, ಕಾಸಿದ ಕಬ್ಬಿಣದಿಂದ ತೂತು ಕೊರೆದು, ಊದು ಅಂದ. ಆ ಪೈಪೇ ಈಗ ತೊಡೆಯ ಮೇಲಿದೆ.

ಚಂದ್ರ ಬಂದ್ನಾ ಅಕ್ಕಾ? — ಅವನ ದನಿ, ಕಿಟಕಿಯಿಂದ, ಇಷ್ಟು ಸಣ್ಣಗೆ. ಬರ್ತಾನೆ, ನೀನು ಮಲಕ್ಕೊ, ಅವನ ಗಣೆ ಕೇಳು. ಬರ್ತಾನೆ ಅಂತೆ, ಥೂ ನನ್ನ ಮಂಡೆಗಿಷ್ಟು, ಈಗ ಹೊಳೆಯುತ್ತಿದೆಯಲ್ಲ, ನಾನು ಬಂದಿದ್ದರೆ ಕ್ಯಾಸೆಟ್ ಯಾಕೆ ಹಾಕುತ್ತಾರೆ, ಒಳಗೆ ಗಣೆ ಕೇಳಿಸಿದಷ್ಟೂ ಹೊತ್ತು ಚಂದ್ರ ಬಂದಿಲ್ಲ ಅಂತಲೇ ಅವನಿಗೆ ಅರ್ಥ, ಬರಲಿಲ್ಲ ಅಂದುಕೊಂಡೇ ಹೋಗಿಬಿಡುತ್ತಾನೆ, ನಾನು ಗೋಡೆಗೆ ಆತು ಕೂತಿದ್ದೇನೆ ಕಣೋ ಪಾಲಾಕ್ಷ, ಒಂದು ಗೋಡೆ, ಬರೀ ಮಣ್ಣಿನ ಗೋಡೆ. ಮೆಲ್ಲಗೆ ಊದಿದರೆ? ಕ್ಯಾಸೆಟ್ಟಿನ ಜೊತೆಗೇ, ನೆಂಟರಿಗೆ ಗೊತ್ತಾಗದ ಹಾಗೆ, ಅದು ಏರುವ ಕಡೆ ನಾನು ಇಳಿದರೆ ಸಾಕು, ಆ ಕ್ಯಾಸೆಟ್ಟು ಅವನಿಗೆ ಬಾಯಿಪಾಠ, ಒಂದು ಉಸಿರು ತಪ್ಪಿದರೂ ತಿಳಿಯುತ್ತದೆ. ತುಟಿಗೆ ಇಟ್ಟೆ. ಊದಿದೆ. ಅದು ಏರಿತು, ನಾನು ಇಳಿದೆ, ಇನ್ನೊಮ್ಮೆ ಇಳಿದೆ.

ಅವ್ವಾ, ಪಾಲಾಕ್ಷಮಾವ ಕೈ ಎತ್ತೈತೆ ನೋಡು, ಕ್ಯಾಸೆಟ್ ನಿಲ್ಸು ಅಂತೈತೇನೋ. ಸ್ವಪ್ನನ ದನಿ. ಕೇಳಿಸಿತು, ಅವನಿಗೆ ಕೇಳಿಸಿತು! ಇಲ್ಲ ಕಣೆ, ಸರಿಯಾಗಿ ಕೇಳ್ತಿಲ್ಲ ಅಂತಾನೆ, ಜೋರು ಮಾಡು. ಬೇಡ ಸ್ವಪ್ನ, ಬೇಡ ನನ್ನವ್ವ — ಜೋರು ಮಾಡಿದಳು. ಒಳಗಿನ ನಾನು ಮನೆ ತುಂಬ ಊದುತ್ತಿದ್ದೇನೆ, ಹೊರಗಿನ ಪೈಪು ನನ್ನ ಕಿವಿಗೇ ಕೇಳಿಸುತ್ತಿಲ್ಲ, ಹೊಟ್ಟೆಯಿಂದ ಊದಿದರೆ ಕೇಳಿಸೀತು, ಪಡಸಾಲೆಗೂ ಕೇಳಿಸೀತು, ಸ್ವಪ್ನನ ಮದುವೆ ಮುರಿದೀತು, ಸಾವಿರ ಜನರ ಮುಂದೆ ಹೆದರದವನಿಗೆ ಈಗ ಉಸಿರೇ ಏಳುತ್ತಿಲ್ಲ, ಕಿಟಕಿ ಎತ್ತರ, ಕಾಣುವುದಿಲ್ಲ, ನಿಲ್ಲಿಸು ಅಂದನೋ, ಬಾ ಅಂದನೋ, ಗಾಳಿಯಲ್ಲಿ ನಿಂತ ಆ ಕೈ, ಚೀಲ ಹೊತ್ತು ಹೊತ್ತು ಒರಟಾದ ಕೈ, ಯಾರಾದರೂ ಹಿಡಿದುಕೊಳ್ಳಿ, ಅದನ್ನು ಯಾರೂ ಹಿಡಿದುಕೊಳ್ಳುತ್ತಿಲ್ಲವೇನೋ, ಇಳಿಸಿದನೋ, ಇನ್ನೂ ಎತ್ತಿಕೊಂಡೇ ಇದ್ದಾನೋ, ಆ ಕೈ, ಗಾಳಿಯಲ್ಲಿ, ಆ ಕೈ